ನಾಲ್ಕು ನಿಮಿಷದ ಯುರೋಪು

ನನ್ನ ಕೈಚೀಲದಲ್ಲಿ ಈಗಲೂ ಒಂದು ಆರು ಮೂಲೆಯ ಪೆನ್ಸಿಲ್ಲು ಇರುತ್ತದೆ. ಗಣಿತ ಕಲಿಸುವವಳು ಪೆನ್ಸಿಲ್ಲು ಇಟ್ಟುಕೊಳ್ಳುವುದರಲ್ಲಿ ಏನು ದೊಡ್ಡ ಸಂಗತಿ ಅಂದೀರಿ. ಅದರಲ್ಲಿ ನಾನು ಬರೆಯುವುದಿಲ್ಲ. ಅದರ ಮೊನೆ ಮುರಿದು ಎಷ್ಟೋ ವರ್ಷವಾಯಿತು. ಕ್ಯಾಸೆಟ್ಟಿನ ಗಾಲಿಯ ಒಳಗೆ ಆರು ಹಲ್ಲುಗಳಿರುತ್ತವೆ. ಆರು ಮೂಲೆಯ ಪೆನ್ಸಿಲ್ಲು ಅದಕ್ಕೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ದುಂಡಗಿನದು ಜಾರುತ್ತದೆ. ರೇಖಾಗಣಿತದಿಂದ ಮನುಷ್ಯರಿಗೆ ಏನು ಉಪಯೋಗ ಎಂದು ಯಾವ ಮಕ್ಕಳು ಕೇಳಿದರೂ ನಾನು ಕೊಡುತ್ತಿದ್ದ ಉತ್ತರ ಇದೇ.

“ಕ್ಯಾಸೆಟ್ಟೂ ಇಲ್ಲೆ, ಟೇಪ್ ರೆಕಾರ್ಡರೂ ಇಲ್ಲೆ. ಆ ಮೋಟು ಪೆನ್ಸಿಲ್ ಎಂತಕ್ಕೆ ಹೊತ್ಕಂಡು ತಿರಗ್ತೆ?” ಎಂದು ನಮ್ಮನೆಯವರು ವರ್ಷಕ್ಕೆ ಎರಡು ಸಲವಾದರೂ ಕೇಳುತ್ತಾರೆ. ಅವರಿಗೆ ಕಾರಣ ಚೆನ್ನಾಗಿಯೇ ಗೊತ್ತು. ಆ ಪೆನ್ಸಿಲ್ಲಿನಿಂದ ನಾನು ಹನ್ನೆರಡು ವರ್ಷ ಒಂದೇ ಒಂದು ಕ್ಯಾಸೆಟ್ಟನ್ನು ಕಾಪಾಡಿದ್ದೇನೆ. ಸಡಿಲವಾದ ಸುರುಳಿಯನ್ನು ಬಿಗಿ ಮಾಡಿದ್ದೇನೆ, ಯಂತ್ರದ ಹೊಟ್ಟೆಯಿಂದ ಎಳೆದು ತೆಗೆದದ್ದನ್ನು ಮತ್ತೆ ಸುತ್ತಿದ್ದೇನೆ. ಆ ಕ್ಯಾಸೆಟ್ಟಿನ ಎರಡನೇ ಮಗ್ಗುಲಿನ ಕೊನೆಯಲ್ಲಿ ನಾಲ್ಕು ನಿಮಿಷದ ಒಂದು ತುಂಡು ಇತ್ತು. ಅದು ಹರಿದು ಹೋದರೆ ಜಗತ್ತಿನ ಯಾವ ಅಂಗಡಿಯಲ್ಲೂ ಅದು ಮತ್ತೆ ಸಿಗುವುದಿಲ್ಲ ಎಂಬ ಭಯ ನನಗೆ. ಭಯವೇನೋ ನಿಜವೇ ಆಗಿತ್ತು. ಅದಕ್ಕೆ ನಾನು ತಿಳಿದುಕೊಂಡಿದ್ದ ಕಾರಣ ಮಾತ್ರ ಪೂರ್ತಿ ತಪ್ಪಾಗಿತ್ತು, ಅದನ್ನೇ ಹೇಳಲು ಹೊರಟಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಸಿದ್ದಾಪುರದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತಾರೆ. ಇಪ್ಪತ್ತೈದು ತುಂಬುವ ಮೊದಲೇ ಅಜ್ಜಂದಿರಿಗೂ ನಾನು ಅಕ್ಕೋರಾಗಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಶಿರಸಿಗೆ ಬಂದು, ಅಲ್ಲಿಂದ ಮತ್ತಿಘಟ್ಟದ ಬಸ್ಸು ಹಿಡಿದು ಆಯಿಯ, ಅಂದರೆ ಅಮ್ಮನ, ಹತ್ತಿರ ಹೋಗುವುದು ರೂಢಿ. ಅಂಥ ಒಂದು ಶನಿವಾರ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡಪ್ಪನ ಮಗ ರಾಘಣ್ಣ ಸಿಕ್ಕಿದ. ಹುಬ್ಬಳ್ಳಿಯಲ್ಲಿ ಎಂ.ಟೆಕ್. ಓದುತ್ತಿದ್ದವನು, ಎರಡು ದಿನದ ರಜೆಗೆ ಊರಿಗೆ ಹೊರಟಿದ್ದ. ಜೇಬಿನಿಂದ ಹೊದಿಕೆ ಹರಿದ ಒಂದು ಕ್ಯಾಸೆಟ್ಟು ತೆಗೆದು ಪ್ರಸಾದ ಕೊಡುವವನ ಹಾಗೆ ಎರಡೂ ಕೈಯಲ್ಲಿ ಕೊಟ್ಟ.

“ತಂಗಿ, ಇದನ್ನ ಕಾಪಿ ಮಾಡ್ಸ್ಕ. ಇದು ನಂದಲ್ಲ, ಹಾಸ್ಟೆಲ್ಲಿನ ದೋಸ್ತಂದು. ಸೋಮವಾರ ವಾಪಸ್ ಬೇಕು.”

“ಎಂತದು? ಭಾವಗೀತೆಯ?”

“ಅಲ್ದೆ ಮಾರಾಯ್ತಿ. ಪ್ರೊಗ್ರೆಸಿವ್ ರಾಕ್. ಅದ್ರಲ್ಲೂ ಅವಾಂಗಾರ್ಡ್.”

“ಅಂದ್ರೆ?”

ರಾಘಣ್ಣ ಸ್ವಲ್ಪ ಯೋಚಿಸಿದ. “ಸರಿ ನಂಗೂ ಗೊತ್ತಿಲ್ಲೆ. ಯುರೋಪಿಂದು ಹೇಳಿ ಅವ ಹೇಳ್ದ. ನೀನು ಲೆಕ್ಕದವಳು, ನಿಂಗೆ ಗೊತ್ತಾಗ್ತು.”

ಹೀಗೆ ಒಂದು ಹೊಸ ಸಂಗೀತಕ್ಕೆ ನನ್ನ ದೀಕ್ಷೆಯಾಯಿತು. ಹೊದಿಕೆಯ ಹೆಚ್ಚು ಪಾಲು ಹರಿದು ಹೋಗಿದ್ದರಿಂದ ವಾದ್ಯ ನುಡಿಸಿದವರು ಯಾರು, ಹಾಡುಗಳ ಹೆಸರೇನು, ಒಟ್ಟು ಎಷ್ಟು, ಒಂದೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಅದನ್ನು ದೇವಿಕೆರೆಯ ಹತ್ತಿರದ ರಫೀಕರ ಅಂಗಡಿಗೆ ಒಯ್ದೆವು.

ಕ್ಯಾಸೆಟ್ಟಿನ ಕಾಲವನ್ನು ಕಾಣದವರಿಗೆ ರಫೀಕರ ಉದ್ಯೋಗವೇನೆಂದು ಹೇಳಬೇಕು. ನಾಲ್ಕು ಹೆಜ್ಜೆ ಅಗಲದ ಅಂಗಡಿ, ಮೂರೂ ಗೋಡೆಗೆ ಕ್ಯಾಸೆಟ್ಟುಗಳು, ನಡುವೆ ಅಕ್ಕಪಕ್ಕ ಎರಡು ಟೇಪ್ ಡೆಕ್ಕು. ನಮಗೆ ಬೇಕಾದ ಹಾಡುಗಳ ಪಟ್ಟಿ ಬರೆದು ಕೊಟ್ಟರೆ ಅವರು ಅಷ್ಟನ್ನೂ ಆರಿಸಿ ಒಂದು ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡುವರು. ನನಗಿಂತ ಐದಾರು ವರ್ಷ ದೊಡ್ಡವರು, ಮಾತು ಕಡಿಮೆ, ಕೆಲಸ ಮಾತ್ರ ಬಹಳ ಅಚ್ಚುಕಟ್ಟು. ಅವರದ್ದೊಂದು ಪದ್ಧತಿ ಶಿರಸಿಯಲ್ಲೆಲ್ಲ ಪ್ರಸಿದ್ಧವಾಗಿತ್ತು. ನೀವು ಕೊಟ್ಟ ಪಟ್ಟಿ ಮುಗಿದ ಮೇಲೂ ಸುರುಳಿಯಲ್ಲಿ ಜಾಗ ಉಳಿದರೆ ಅದನ್ನು ಹಾಗೇ ಬಿಡುವವರಲ್ಲ; ತಮಗೆ ಹೊಂದುತ್ತದೆ ಅನ್ನಿಸಿದ್ದನ್ನು ಹಾಕಿ ತುಂಬಿಸಿಯೇ ಕೊಡುವರು. ವಾನಳ್ಳಿಯ ಒಬ್ಬರು ಸತ್ಯನಾರಾಯಣ ಪೂಜೆಗೆಂದು ಭಕ್ತಿಗೀತೆ ತುಂಬಿಸಿಕೊಂಡು ಹೋಗಿದ್ದರು. ಮಂಗಳಾರತಿಯ ಹೊತ್ತಿಗೆ ಸಿನಿಮಾದ ಯುಗಳಗೀತೆ ಶುರುವಾಯಿತಂತೆ. ಅವರು ಬಂದು ರೇಗಿದಾಗ ರಫೀಕರು ತಣ್ಣಗೆ, “ಖಾಲಿ ಬಿಟ್ಟು ಹ್ಯಾಗೆ ಕೊಡೂದ್ರಿ?” ಅಂದರಂತೆ. ಬಂದವರು ಅದನ್ನು ಒಪ್ಪಿಕೊಂಡು ಹೊರಟುಹೋದರಂತೆ.

ಯಾಕೆ ಒಪ್ಪಿಕೊಂಡರು ಅಂದರೆ, ನಮ್ಮ ಯಾವ ಮನೆಯಲ್ಲೂ ಪಾತ್ರೆ ಖಾಲಿ ವಾಪಸು ಹೋಗುವುದಿಲ್ಲ. ಆಚೆ ಮನೆಯಿಂದ ತಪ್ಪಲೆಯಲ್ಲಿ ಮಾವಿನಕಾಯಿಯ ಅಪ್ಪೆಹುಳಿ ಬಂತು ಅನ್ನಿ. ತಪ್ಪಲೆ ತೊಳೆದು ಹಿಂದಿರುಗಿಸುವಾಗ ಅದರೊಳಗೆ ಏನಾದರೂ ಇರಲೇಬೇಕು. ನಾಲ್ಕು ಬಾಳೆಹಣ್ಣು, ಅದಿಲ್ಲದಿದ್ದರೆ ಒಂದು ಹಿಡಿ ಅವಲಕ್ಕಿ, ಅದೂ ಇಲ್ಲದಿದ್ದರೆ ಬೆಲ್ಲದ ಒಂದು ಚೂರಾದರೂ ಸೈ. ಏಳೆಂಟು ವರ್ಷದವಳಿದ್ದಾಗ ನಾನು ದಾರಿಯಲ್ಲೇ ಬೆಲ್ಲ ತಿಂದು ಖಾಲಿ ತಪ್ಪಲೆ ಕೊಟ್ಟು ಬಂದಿದ್ದೆ. ಆಯಿ ಬೈಯಲಿಲ್ಲ. ಇನ್ನೊಂದು ಚೂರು ಬೆಲ್ಲ ಕೈಗೆ ಕೊಟ್ಟು, ಅದನ್ನು ಆ ಮನೆಗೆ ಒಯ್ದು “ಮೊದಲಿನದನ್ನ ಆನು ತಿಂದೆ” ಎಂದು ಹೇಳಿ ಬರುವಂತೆ ಕಳಿಸಿದಳು. ಆ ನಾಚಿಕೆ ನನಗೆ ಇವತ್ತಿಗೂ ನೆನಪಿದೆ.

ಮೂಲ ಕ್ಯಾಸೆಟ್ಟನ್ನು ರಾಘಣ್ಣ ಸೋಮವಾರ ಒಯ್ದ. ನನ್ನದನ್ನು ನಾನು ಮುಂದಿನ ಶನಿವಾರ ತಂದು, ಭಾನುವಾರ ಮಧ್ಯಾಹ್ನ ಮತ್ತಿಘಟ್ಟದ ಮನೆಯ ಜಗಲಿಯಲ್ಲಿ ಕೂತು ಹಾಕಿದೆ.

ಏನೆಂದು ಹೇಳಲಿ! ಒಬ್ಬ ಪಿಟೀಲು ಕುಯ್ಯುತ್ತಿದ್ದ. ಅದೇ ಹೊತ್ತಿಗೆ ಇನ್ನೊಬ್ಬ, ಇವನ ಗುರುತೇ ಇಲ್ಲದವನ ಹಾಗೆ, ಡ್ರಮ್ಮು ಬಾರಿಸುತ್ತಿದ್ದ. ಯಾವುದೋ ಭಾಷೆಯಲ್ಲಿ ಒಬ್ಬ ಹೆಂಗಸು ಕಿರಾಣಿ ಸಾಮಾನಿನ ಚೀಟಿ ಓದಿದಂತೆ ಹಾಡಿ, ನಡುವೆ ಒಮ್ಮೆ ಕಿರುಚಿ, ಮತ್ತೆ ಚೀಟಿ ಓದಿದಳು. ಪಲ್ಲವಿ ಎಲ್ಲಿ ಬರುತ್ತದೆ ಎಂದು ಕಾದು ಕೂತರೆ ಹನ್ನೊಂದು ನಿಮಿಷವಾದರೂ ಬರಲೇ ಇಲ್ಲ. ಒಳಗಿನಿಂದ ಆಯಿ ಬಂದಳು.

“ಎಂತದೆ ಅದು? ಕ್ಯಾಸೆಟ್ಟು ಸಿಕ್ಕಹಾಕ್ಯಂಡಿದ್ದನೆ?”

“ಅಲ್ದೆ ಆಯಿ, ಅದು ಹಾಡು.”

“ಹಾಡ?” ಆಯಿ ಸ್ವಲ್ಪ ಹೊತ್ತು ನಿಂತು ಕೇಳಿದಳು. “ಹಂಗಾರೆ ಹಾಡವಕ್ಕೆ ಎಂತೋ ಆಜು, ಪಾಪ.”

ಹಾಡುವವರಿಗೆ ಏನೋ ಆಗಿದೆ ಎಂದು ನನಗೂ ಅನ್ನಿಸಿತ್ತು. ಆದರೆ ತಂದದ್ದನ್ನು ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ. ಬಿಡಿಸಲಾಗದ ಲೆಕ್ಕದ ಮುಂದೆ ಕೂತ ಹಾಗೆ ಪ್ರತಿ ಭಾನುವಾರ ಅದರ ಮುಂದೆ ಕೂತೆ. ಹೆಸರು ಗೊತ್ತಿಲ್ಲದ್ದರಿಂದ ತುಂಡುಗಳಿಗೆ ನಾನೇ ಹೆಸರಿಟ್ಟೆ. ಒಂದು ‘ಗಿರಣಿ’. ಇನ್ನೊಂದು ‘ಬಸ್ಸು ತಪ್ಪಿತು’. ಅದು ಓಡೋಡಿ ಬಂದು ಥಟ್ಟನೆ ನಿಂತುಬಿಡುತ್ತಿತ್ತು. ಪಿಟೀಲಿನವನೂ ಡ್ರಮ್ಮಿನವನೂ ಜಗಳವಾಡುವುದಕ್ಕೆ ‘ದಾಯಾದಿಗಳು’ ಎಂದು ಕರೆದೆ. ಒಂದು ಭಾನುವಾರ ಈ ದಾಯಾದಿಗಳನ್ನು ಕೇಳುತ್ತ ತೊಡೆಯ ಮೇಲೆ ಬೆರಳಿಟ್ಟು ಎಣಿಸತೊಡಗಿದೆ. ಪಿಟೀಲಿನವನು ಐದು, ಐದು, ಆರು. ಮತ್ತೆ ಐದು, ಐದು, ಆರು. ಡ್ರಮ್ಮಿನವನದು ಬರೀ ನಾಲ್ಕು ನಾಲ್ಕು. ಅಂದರೆ ಜಗಳ ಸುಳ್ಳು! ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಹದಿನಾರಕ್ಕೆ ಸರಿಯಾಗಿ ಒಂದೇ ಬಾಗಿಲಿಗೆ ಬರುತ್ತಿದ್ದಾರೆ. “ಹದಿನಾರು!” ಎಂದು ಕೂಗಿಬಿಟ್ಟೆ. ಯಾರಿಗೆ ಹದಿನಾರು ಎಂದು ಆಯಿ ಒಳಗಿನಿಂದಲೇ ಕೇಳಿದಳು.

ಆ ದಿನದಿಂದ ನನಗೆ ಆ ಸಂಗೀತ ಹಿಡಿಯಿತು. ಹಿಡಿಯಿತು ಅಂದರೆ ಎಲ್ಲವೂ ಸಮನಾಗಿ ಅಲ್ಲ. ನನ್ನ ಲೆಕ್ಕದಲ್ಲಿ ಒಟ್ಟು ಏಳು ತುಂಡುಗಳಿದ್ದವು. ಮೊದಲಿನ ಆರನ್ನು ಮೆಚ್ಚಿದೆ, ಏಳನೆಯದನ್ನು ಪ್ರೀತಿಸಿದೆ.

ಅದರಲ್ಲಿ ಪಿಟೀಲಿಲ್ಲ, ಡ್ರಮ್ಮಿಲ್ಲ, ಚೀಟಿ ಓದುವ ಹೆಂಗಸೂ ಇಲ್ಲ. ಒರಟಾದ ಏನನ್ನೋ ಲೋಹಕ್ಕೆ ಉಜ್ಜುವ ಸದ್ದು, ಅಷ್ಟೇ. ಸರಕ್, ಸರಕ್, ಸರಕ್, ಸರಕ್. ಒಂದು ಚೂರು ಬಿಡುವು. ಆಮೇಲೆ ತುಸು ಮೆತ್ತಗೆ, ಸರಕ್, ಸರಕ್, ಸರಕ್. ನಾಲ್ಕು, ಮೂರು, ಒಟ್ಟು ಏಳು. ಎಷ್ಟು ಸಲ ಎಣಿಸಿದರೂ ಏಳೇ. ಅದಾದ ಮೇಲೆ ದೊಡ್ಡ ಪ್ರಾಣಿಯೊಂದು ಉಸಿರಾಡುವಂಥ ಗಾಳಿಯ ಸದ್ದು, ಟಕಟಕ ಬಡಿತ, ಕೊನೆಗೆ ಚುಂಯ್ ಎಂದು ಏನೋ ನೀರಿಗೆ ಬಿದ್ದ ಹಾಗೆ. ಅದು ಆರಿದ ಮೇಲೆ ಒಬ್ಬ ಗಂಡಸು ಕೆಮ್ಮುತ್ತಾನೆ. ಅಲ್ಲಿಗೆ ಮುಗಿಯಿತು. ಅದಕ್ಕೆ ನಾನಿಟ್ಟ ಹೆಸರು ‘ಯಾರೋ ಇದ್ದಾರೆ’. ಆ ಆರು ತುಂಡುಗಳ ಗದ್ದಲವೆಲ್ಲ ಕಳೆದು, ಕಟ್ಟಕಡೆಗೆ ಒಬ್ಬ ಮನುಷ್ಯ ಕೆಮ್ಮುವ ಸದ್ದನ್ನು ಹಾಗೇ ಉಳಿಸಿದ್ದಾರಲ್ಲ, ಎಂಥ ಧೈರ್ಯ ಈ ಯುರೋಪಿನವರದು ಎಂದು ಬೆರಗಾಗುತ್ತಿದ್ದೆ. ನಮ್ಮಲ್ಲಾದರೆ ಕೆಮ್ಮನ್ನು ಅಳಿಸಿ ಕೊಡುತ್ತಿದ್ದರು ಎಂದು ಸ್ಟಾಫ್ ರೂಮಿನಲ್ಲಿ ಒಂದು ಸಣ್ಣ ಭಾಷಣವನ್ನೂ ಮಾಡಿದ್ದೆ. ಏಳರ ಮಗ್ಗಿ ಬಾರದ ಎಂಟನೇ ಇಯತ್ತೆಯ ಮಕ್ಕಳಿಗೆ ಆ ನಡೆಯನ್ನೇ ಚಪ್ಪಾಳೆಯಲ್ಲಿ ಹೇಳಿಕೊಟ್ಟೆ, ಮಗ್ಗಿ ಬಂತು.

ಇಷ್ಟರಲ್ಲೇ ಒಂದು ಶನಿವಾರ ರಫೀಕರು ಅಂಗಡಿಯ ಒಳಗಿನಿಂದ ಕರೆದು ಕೇಳಿದರು. “ಅಕ್ಕೋರೇ, ಆ ಕ್ಯಾಸೆಟ್ಟಲ್ಲಿ ಕೊನೇಗೆ ಬರ್ತದಲ್ಲ, ಅದರಿಂದ ನಿಮಗೆ ತೊಂದ್ರೆ ಏನೂ ಆಗ್ಲಿಲ್ವಲ್ಲ?”

ನಾನು ಕೊಟ್ಟ ಉತ್ತರವನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. “ತೊಂದ್ರೆಯಾ? ಇಡೀ ಕ್ಯಾಸೆಟ್ಟಿನಲ್ಲಿ ಅದೇ ಶ್ರೇಷ್ಠ. ಅದು ಯುರೋಪಿನ ಸಂಗೀತ ರಫೀಕರೇ, ನಿಮಗೆ ಅರ್ಥ ಆಗೂದು ಸ್ವಲ್ಪ ಕಷ್ಟ.”

ಅವರು ಏನೋ ಹೇಳಲು ಬಾಯಿ ತೆರೆದಿದ್ದರು. ಆಮೇಲೆ ನಕ್ಕು, “ಆಯ್ತು ಅಕ್ಕೋರೇ” ಅಂದು ಡೆಕ್ಕಿನ ಕಡೆ ತಿರುಗಿದರು. ನಾನು ಹೊಸದಾಗಿ ಸಂಗೀತ ತಿಳಿದವರ ಗತ್ತಿನಲ್ಲಿ ಬಸ್ಸು ಹತ್ತಿದೆ.

ಮುಂದೆ ಮದುವೆಯಾಯಿತು, ಯಲ್ಲಾಪುರಕ್ಕೆ ವರ್ಗವಾಯಿತು. ಶಿರಸಿಗೆ ಹೋಗುವುದು ಕಡಿಮೆಯಾಯಿತು. ಕ್ಯಾಸೆಟ್ಟು ನನ್ನ ಜೊತೆಗೇ ಬಂತು. ಅದರ ಅಂಚುಗಳು ಸುಕ್ಕಾಗುತ್ತ ಬಂದಂತೆ ಕೇಳುವುದನ್ನೂ ಇಳಿಸಿದೆ. ಮೊದಲು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ದೀಪಾವಳಿಯಲ್ಲಿ ಮಾತ್ರ ಹೊರಬರುವ ರೇಷ್ಮೆ ಸೀರೆಯ ಮರ್ಯಾದೆ ಅದಕ್ಕೆ. ಅಷ್ಟು ಮಾಡಿದರೂ ಒಂದು ವರ್ಷ ಯಂತ್ರ ಅದನ್ನು ಕಚ್ಚಿಯೇಬಿಟ್ಟಿತು. ಪೆನ್ಸಿಲ್ಲಿನಿಂದ ಸುತ್ತಿ ಸುತ್ತಿ ಬಿಡಿಸಿ ನೋಡಿದರೆ ಕೊನೆಯ ಭಾಗದ ಹತ್ತಿರ ಸುರುಳಿ ಅರ್ಧಕ್ಕರ್ಧ ಸೀಳಿತ್ತು. ಮತ್ತೆ ಹಾಕುವ ಧೈರ್ಯ ಬರಲಿಲ್ಲ.

ಅದೇ ಹೊತ್ತಿಗೆ ಹುಬ್ಬಳ್ಳಿಯಿಂದ ರಾಘಣ್ಣನ ಫೋನು ಬಂತು.

“ತಂಗಿ, ಸಿಕ್ಕಿದ್ದು ನೋಡು! ನಮ್ಮ ಆ ಕ್ಯಾಸೆಟ್ಟಿಂದು ಪೂರ್ತಿ ಸಿ.ಡಿ. ಸಿಕ್ಕಿದ್ದು. ಆ ಹಾಸ್ಟೆಲ್ಲಿನ ದೋಸ್ತನೇ ಹುಡುಕಿ ಕೊಟ್ಟ.”

ನನಗೆ ಜೀವ ಬಂದಂತಾಯಿತು. “ಏಳನೇದು ಹೆಂಗೆ ಕೇಳ್ತು? ಕೆಮ್ಮು ಇದ್ದ?”

“ಯಾವ ಏಳನೇದು? ಇದ್ರಲ್ಲಿ ಇಪ್ಪದೇ ಆರು.”

“ಸರಿ ನೋಡು ರಾಘಣ್ಣ.”

“ನೋಡಿಯೇ ಹೇಳ್ತಾ ಇದ್ದೆ. ಆರೇ. ಏಳನೇದು ಇಲ್ಲೆ.”

“ಹಂಗಾರೆ ನಿಂಗೆ ಸಿಕ್ಕಿದ್ದು ಡೂಪ್ಲಿಕೇಟು!” ಎಂದು ಫೋನು ಇಟ್ಟೆ. ಹತ್ತಾರು ವರ್ಷ ನಾನು ಪ್ರೀತಿಸಿದ್ದು ಯಾರದ್ದು ಹಾಗಾದರೆ? ಅದೇ ಶನಿವಾರ ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಶಿರಸಿಯ ಬಸ್ಸು ಹತ್ತಿದೆ.

ರಫೀಕರ ಅಂಗಡಿ ಅಲ್ಲೇ ಇತ್ತು. ಗೋಡೆಯ ಕ್ಯಾಸೆಟ್ಟುಗಳು ಹೋಗಿ ಮೊಬೈಲಿನ ಕವರುಗಳು ತೂಗಾಡುತ್ತಿದ್ದವು. ಮೇಜಿನ ಮೇಲೆ ಕಂಪ್ಯೂಟರು, ಮೂಲೆಯಲ್ಲಿ ಬಟ್ಟೆ ಹೊದ್ದ ಹಳೆಯ ಡೆಕ್ಕು. ರಫೀಕರ ಗಡ್ಡ ಅರ್ಧ ನೆರೆತಿತ್ತು. “ಬರ್ರಿ ಅಕ್ಕೋರೇ” ಎಂದು ಸ್ಟೂಲು ಸರಿಸಿದವರು, ನಾನು ಕರವಸ್ತ್ರ ಬಿಚ್ಚಿ ಡಬ್ಬಿಯನ್ನು ಮುಂದಿಟ್ಟ ಕೂಡಲೇ ಅದನ್ನು ಎತ್ತಿ ತಿರುಗಿಸಿ ನೋಡಿದರು. ಡಬ್ಬಿಯ ಬೆನ್ನಿನ ಮೇಲೆ ಅವರದೇ ಅಕ್ಷರವಿತ್ತು.

“ಇದನ್ನ ಇನ್ನೂ ಇಟ್ಟಿದ್ದೀರಾ? ಕೊನೇದರ ಮೇಲೆ ಬೇರೆ ಏನೂ ತುಂಬ್ಸಿಲ್ವಲ್ಲ?”

“ಅದಕ್ಕೋಸ್ಕರವೇ ಬಂದದ್ದು” ಅಂದೆ.

ಅವರು ಕ್ಯಾಸೆಟ್ಟಿನ ಸಣ್ಣ ಸ್ಕ್ರೂಗಳನ್ನು ಬಿಚ್ಚಿ, ಸೀಳಿದ ಕಡೆ ಹಿಂಬದಿಗೆ ತೆಳ್ಳನೆಯ ಪಟ್ಟಿ ಅಂಟಿಸಿ, ಮತ್ತೆ ಮುಚ್ಚಿದರು. ಡೆಕ್ಕಿಗೆ ಹಾಕಿ ಕೊನೆಯ ಭಾಗಕ್ಕೆ ತಂದು ಒತ್ತಿದರು. ಸರಕ್, ಸರಕ್, ಸರಕ್, ಸರಕ್. ಏಳೆಂಟು ಸುತ್ತು ಕೇಳಿ, ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಮತ್ತೆ ಹಿಂದಕ್ಕೆ ಓಡಿಸಿದರು.

ನನಗೆ ತಡೆಯಲಾಗಲಿಲ್ಲ. “ಸಾಕು, ನಿಲ್ಸಿ! ಹೀಗೆ ಪದೇಪದೇ ಹಾಕಿದ್ರೆ ಹರಿದು ಹೋಗ್ತದೆ. ಅದು ಇನ್ನೆಲ್ಲೂ ಸಿಗೂದಿಲ್ಲ!”

ರಫೀಕರು ಥಟ್ಟನೆ ನಿಲ್ಲಿಸಿದರು. “ಹೌದ್ರಿ ಅಕ್ಕೋರೇ. ಇನ್ನೆಲ್ಲೂ ಸಿಗೂದಿಲ್ಲ” ಅಂದರು. ಆಮೇಲೆ ಡೆಕ್ಕಿನ ಕಡೆಗೇ ನೋಡುತ್ತ, “ಇದು ನಮ್ಮ ಅಬ್ಬಾ” ಅಂದರು.

ರಫೀಕರ ತಂದೆ ಕಲಾಯಿ ಹಾಕುವವರು. ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ತಿಕ್ಕಿ, ಕಾಯಿಸಿ, ಒಳಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುವ ಕೆಲಸ. ಅಂಗಡಿ ತೆರೆದ ಹೊಸದರಲ್ಲಿ ಮೈಕು ಪರೀಕ್ಷಿಸಲು ರಫೀಕರು ಮನೆಯ ಹಿತ್ತಲಿನಲ್ಲಿ ಅಪ್ಪನ ಪಕ್ಕ ಕೂತು ಆ ಕೆಲಸದ ಸದ್ದನ್ನು ಹಿಡಿದಿಟ್ಟಿದ್ದರು. “ನಿಮ್ಮ ಕ್ಯಾಸೆಟ್ಟಲ್ಲಿ ನಾಲ್ಕು ನಿಮಿಷ ಉಳೀತು. ಆ ಹುಚ್ಚು ಸಂಗೀತದ ಬೆನ್ನಿಗೆ ಸಿನಿಮಾ ಹಾಡು ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅದಕ್ಕೆ ಹೊಂದೂದು ನನ್ನ ಹತ್ರ ಇದ್ದದ್ದು ಇದೊಂದೇ.”

“ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತಲೇ ನಿಮ್ಮನ್ನ ಕರೆದದ್ದು. ನೀವು ಯುರೋಪು ಅಂದ್ರಿ.” ಈಗ ಅವರು ನಿಜವಾಗಿ ನಕ್ಕರು. “ಮನೆಗೆ ಹೋಗಿ ಅಬ್ಬಾಗೆ ಹೇಳ್ದೆ, ಸಿದ್ದಾಪುರದ ಅಕ್ಕೋರು ನಿಮ್ಮದು ಯುರೋಪಿನ ಸಂಗೀತ ಅಂತಾರೆ ಅಂತ. ನಕ್ಕು ನಕ್ಕು ಕೆಮ್ಮು ಹತ್ತಿತು ಅವರಿಗೆ. ಆಮೇಲೆ ಯಾರಾದ್ರೂ ಎಲ್ಲಿಗೆ ಹೊರಟ್ರಿ ಅಂತ ಕೇಳಿದ್ರೆ, ಯುರೋಪಿಗೆ ಅನ್ನೋರು.”

ರಫೀಕರ ಅಬ್ಬಾ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಮೇಲೆ ರಫೀಕರು ತಮ್ಮಲ್ಲಿದ್ದ ಮೂಲ ಕ್ಯಾಸೆಟ್ಟನ್ನು ತೆಗೆದರೆ ಅದು ಬೂಸ್ಟು ಹಿಡಿದು ಅಂಟಿಕೊಂಡುಬಿಟ್ಟಿತ್ತು. ಸಿದ್ದಾಪುರದ ಶಾಲೆಗೆ ಹೋಗಿ ನನ್ನನ್ನು ಕೇಳಿದ್ದರಂತೆ. ವರ್ಗವಾಗಿ ಯಲ್ಲಾಪುರಕ್ಕೆ ಹೋದರು ಎಂದು ಅಲ್ಲಿಯವರು ಹೇಳಿದ್ದರಂತೆ.

“ಯಲ್ಲಾಪುರ ಏನು ದೂರವಾ? ಬರಬೇಕಿತ್ತು.”

“ಬಸ್‌ಸ್ಟ್ಯಾಂಡಿನ ತನಕ ಬಂದಿದ್ದೆ ಒಂದ್ಸಲ. ಅಕ್ಕೋರು ಅದನ್ನ ಅಷ್ಟು ದೊಡ್ಡದು ಅಂತ ತಿಳ್ಕೊಂಡು ಇಟ್ಕೊಂಡಿರಬಹುದು, ಹೋಗಿ ಕಲಾಯಿ ಸದ್ದು ಅಂತ ಹೇಳಿ ಯಾಕೆ ಸಣ್ಣದು ಮಾಡ್ಲಿ ಅನ್ನಿಸ್ತು. ವಾಪಸ್ ಬಂದೆ.”

ನನಗೆ ಕುಳಿತಲ್ಲೇ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡಲು, “ಏಳು ಯಾಕೆ?” ಎಂದು ಕೇಳಿದೆ. ಯಾವ ಏಳು ಎಂದು ಅವರಿಗೆ ಗೊತ್ತಾಗಲಿಲ್ಲ. ಅವರು ಎಂದೂ ಎಣಿಸಿರಲಿಲ್ಲ. ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದೆ. ನಾಲ್ಕು, ಮೂರು. ನಾಲ್ಕು, ಮೂರು.

ರಫೀಕರೂ ಮೇಜಿನ ಮೇಲೆ ಹಾಗೇ ತಟ್ಟಿ ನೋಡಿದರು. “ಪಾತ್ರೆ ಒಳಗೆ ಮರಳು ಹಾಕಿ ಕಾಲಲ್ಲಿ ತಿಕ್ಕೋರು. ಬಲಗಾಲಲ್ಲಿ ನಾಲ್ಕು ಸಲ, ಆಮೇಲೆ ಎಡಗಾಲಲ್ಲಿ. ಎಡಗಾಲು ಸ್ವಲ್ಪ ಊನ ಇತ್ತು ಅವರದ್ದು. ಅದರಲ್ಲಿ ಮೂರೇ ಆಗೂದು. ನಾಲ್ಕನೇದಕ್ಕೆ ಆ ಕಾಲು ಬರ್ತಿರಲಿಲ್ಲ.”

ಊನ ಅಂದದ್ದೇ ತಡ, ನನಗೆ ಮತ್ತಿಘಟ್ಟದ ಅಂಗಳ ಕಣ್ಣ ಮುಂದೆ ಬಂತು. ಬೇಸಿಗೆಯ ಒಂದು ಬೆಳಗ್ಗೆ ವರ್ಷ ವರ್ಷವೂ ಕಲಾಯಿ ಸಾಬರು ಬರುತ್ತಿದ್ದರು. ಸ್ವಲ್ಪ ಕುಂಟುತ್ತ ಬಂದು ಮಾವಿನ ಮರದ ಬುಡದಲ್ಲಿ ಸಣ್ಣ ಕುಳಿ ತೋಡಿ, ಇದ್ದಿಲು ಹಾಕಿ, ಗಾಳಿಯೂದುವ ತಿದಿ ಒತ್ತುವರು. ಮರದ ಕೊಂಬೆ ಹಿಡಿದುಕೊಂಡು ದೊಡ್ಡ ಹಂಡೆಯೊಳಗೆ ನಿಂತು ಆಚೆ ಈಚೆ ತಿರುಗುವರು. ನಾನೂ ರಾಘಣ್ಣನೂ ಜಗಲಿಯ ತುದಿಯಲ್ಲಿ ಕೂತು ಬಾಯಿ ಬಿಟ್ಟು ನೋಡುತ್ತಿದ್ದೆವು. ಅವರಿಗೆ ಚಹಾ ಕೊಡುವ ಲೋಟ ಬೇರೆ ಇತ್ತು, ಅದು ಅಂಗಳದ ಕಟ್ಟೆಯ ಮೇಲೇ ಇರುತ್ತಿತ್ತು. ನಾವು ಬೇಯಿಸಿ ಉಣ್ಣುವ ಪಾತ್ರೆಯ ಒಳಗೆ ಅವರ ಕಾಲು ಹೋಗಬಹುದಾಗಿತ್ತು, ಅವರು ಕುಡಿದ ಲೋಟ ಮನೆಯ ಒಳಗೆ ಬರುವಂತಿರಲಿಲ್ಲ. ಗಣಿತದಲ್ಲಿ ಡಿಗ್ರಿ ಪಡೆದ ಮೇಲೂ ಈ ಲೆಕ್ಕ ನನಗೆ ಬಿಡಿಸಲಾಗಿಲ್ಲ.

ಆ ಸಾಬರು ಪಾತ್ರೆಗಳನ್ನು ಖಾಲಿ ಕೊಡುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಕನ್ನಡಿಯ ಹಾಗೆ ಹೊಳೆಯುವ ಪಾತ್ರೆಗಳನ್ನು ಸಾಲಾಗಿ ಇಟ್ಟು, ಎಲ್ಲಕ್ಕಿಂತ ದೊಡ್ಡದರ ತಳದಲ್ಲಿ ಎರಡು ಪೆಪ್ಪರ್‌ಮೆಂಟು ಹಾಕಿರುವರು. “ಖಾಲಿ ಕೊಡಬಾರ್ದು ಅಮ್ಮಾ, ನಿಮ್ಮಲ್ಲೇ ಕಲ್ತದ್ದು” ಎಂದು ಆಯಿಗೆ ಹೇಳುವರು. ನಾನೂ ರಾಘಣ್ಣನೂ ಓಡುತ್ತಿದ್ದೆವು. ಅವನ ಕೈ ಉದ್ದ. ಎರಡೂ ಅವನಿಗೇ ಸಿಗುತ್ತಿದ್ದವು.

ಇದೆಲ್ಲ ರಫೀಕರಿಗೆ ಹೇಳಿದೆ, ಚಹಾದ ಲೋಟದ ಸಂಗತಿಯನ್ನೂ ಸೇರಿಸಿ. ಲೋಟದ ವಿಷಯ ಅವರಿಗೆ ಗೊತ್ತಿತ್ತು, ಪೆಪ್ಪರ್‌ಮೆಂಟಿನದು ಗೊತ್ತಿರಲಿಲ್ಲ. “ಹೌದಾ? ಕೊಡ್ತಿದ್ರಾ? ಎರಡಾ?” ಎಂದು ಮೂರು ಸಲ ಕೇಳಿದರು. ಜೇಬಿನಲ್ಲಿ ಯಾವಾಗಲೂ ಪೆಪ್ಪರ್‌ಮೆಂಟು ಇರುತ್ತಿತ್ತು, ಮನೆಯಲ್ಲಿ ಕೇಳಿದರೆ ಕೊಡುತ್ತಿರಲಿಲ್ಲ, ಯಾರಿಗೆ ಎಂದು ಈಗ ತಿಳಿಯಿತು ಎಂದರು. ಆಮೇಲೆ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು, “ಅಕ್ಕೋರೇ, ಇದು ಇನ್ನೊಂದು ಸಲ ಓಡಬಹುದು. ಎರಡು ಸಲ ಅಂತ ಹೇಳ್ಲಿಕ್ಕೆ ಬರೂದಿಲ್ಲ. ನೀವು ಹ್ಯಾಗೆ ಹೇಳಿದ್ರೆ ಹಾಗೆ” ಅಂದರು.

ಹತ್ತು ನಿಮಿಷದ ಹಿಂದೆ, ನಿಲ್ಲಿಸಿ ಎಂದು ಯಜಮಾನಿಕೆಯಲ್ಲಿ ಕೂಗಿದವಳು ನಾನು. “ಹಾಕಿ” ಅಂದೆ.

ಡೆಕ್ಕಿನಿಂದ ಕಂಪ್ಯೂಟರಿಗೆ ವಯರು ಜೋಡಿಸಿದರು. ಅಂಗಡಿಯ ಬಾಗಿಲು ಅರ್ಧ ಎಳೆದರು. ಮೊದಲು ಎರಡನೇ ಮಗ್ಗುಲಿನ ಉಳಿದ ತುಂಡುಗಳು ಓಡಿದವು. ಗಿರಣಿಯೂ ದಾಯಾದಿಗಳೂ ಬಂದು ಹೋದರು. ಆಮೇಲೆ ಸಾಬರು ಬಂದರು. ನಾಲ್ಕು, ಮೂರು. ಇಬ್ಬರೂ ಉಸಿರು ಹಿಡಿದು ಕೂತೆವು. ತಿದಿ ಉಸಿರಾಡಿತು, ಬಡಿತ ಕೇಳಿತು, ಪಾತ್ರೆ ನೀರಿಗೆ ಇಳಿಯಿತು. ಅವರು ಕೆಮ್ಮಿದರು. ಕೆಮ್ಮು ಮುಗಿದು ಅರೆಗಳಿಗೆಯಲ್ಲಿ ಡೆಕ್ಕಿನೊಳಗೆ ಟಕ್ ಎಂದು ಸುರುಳಿ ತುಂಡಾಯಿತು. ರಫೀಕರು ಕಂಪ್ಯೂಟರಿನ ಪರದೆ ನೋಡಿ, “ಪೂರ್ತಿ ಬಂದಿದೆ” ಅಂದರು. ತುಂಡಾದ ಕ್ಯಾಸೆಟ್ಟನ್ನು ಅವರ ಕೈಯಲ್ಲೇ ಬಿಟ್ಟು, ನಾನು ಯಲ್ಲಾಪುರದ ಬಸ್ಸು ಹತ್ತಿದೆ. ಅದರ ಡಬ್ಬಿಯೂ ಅಲ್ಲೇ ಉಳಿದದ್ದು ಮನೆಗೆ ಬಂದ ಮೇಲೆ ನೆನಪಾಯಿತು.

ಹತ್ತು ದಿನದ ಮೇಲೆ ಶಿರಸಿಯಿಂದ ಬಂದ ಬಸ್ಸಿನ ಕಂಡಕ್ಟರು ಒಂದು ಸಣ್ಣ ಪಾರ್ಸೆಲ್ಲು ಕೊಟ್ಟರು. ಒಳಗೆ ಒಂದು ಸಿ.ಡಿ. ಇತ್ತು, ಅದರ ಮೇಲೆ ರಫೀಕರ ಅಕ್ಷರದಲ್ಲಿ ‘ಯುರೋಪು’ ಎಂದು ಒಂದೇ ಪದ. ಜೊತೆಯಲ್ಲಿ ನನ್ನ ಕ್ಯಾಸೆಟ್ಟಿನ ಹಳೆಯ ಡಬ್ಬಿ. ಹಗುರವಾಗಿದ್ದರೂ ಅಲುಗಿಸಿದರೆ ಸದ್ದಾಯಿತು. ತೆರೆದು ನೋಡಿದೆ. ಎರಡು ಪೆಪ್ಪರ್‌ಮೆಂಟು.

ಒಂದನ್ನು ಬಾಯಿಗೆ ಹಾಕಿಕೊಂಡು ಏಳನೆಯದನ್ನು ಹಾಕಿದೆ. ಸಾಬರು ಕೆಮ್ಮುವ ಹೊತ್ತಿಗೆ ಅದು ಪೂರ್ತಿ ಕರಗಿತ್ತು. ಇನ್ನೊಂದು ರಾಘಣ್ಣನ ಪಾಲಿನದು, ಸಿ.ಡಿ.ಯ ಜೊತೆ ಹುಬ್ಬಳ್ಳಿಗೆ ಕಳಿಸು ಎಂದು ನಮ್ಮನೆಯವರು ನ್ಯಾಯ ಹೇಳಿದರು. ನಾನು ಅದರ ಕಾಗದ ಬಿಚ್ಚಿ, ಅದನ್ನೂ ಬಾಯಿಗೆ ಹಾಕಿಕೊಂಡು, ಏಳನೆಯದನ್ನು ಮತ್ತೆ ಮೊದಲಿನಿಂದ ಹಾಕಿದೆ.